ಕಂದಾಯದ ಚೀಟಿಯಿಂದ ಕಾಯಿದೆಯವರೆಗೆ: ವೆಲ್ಷ್ ಭಾಷಾ ಸಂಘದ ಹೋರಾಟ



ದಕ್ಷಿಣ ವೇಲ್ಸ್‌ನ ಲನೆಲ್ಲಿ ಪಟ್ಟಣದ ಪಕ್ಕದಲ್ಲಿ ಲಾನ್‌ಗೆನ್ನೆಖ್ ಎಂಬ ಊರಿದೆ. 1952ರಲ್ಲಿ ಟ್ರೆವೋರ್ ಬೀಸ್ಲಿ ಎಂಬ ಕಲ್ಲಿದ್ದಲು ಗಣಿಯ ಕಾರ್ಮಿಕ ಮತ್ತು ಶಿಕ್ಷಕಿಯಾಗಿದ್ದ ಅವರ ಪತ್ನಿ ಐಲೀನ್ ಅಲ್ಲಿ ಒಂದು ಸಣ್ಣ ಮನೆ ಕೊಂಡುಕೊಂಡರು. ಗ್ರಾಮಾಂತರ ಮಂಡಳಿಯಿಂದ ಮನೆ ಕಂದಾಯದ ಚೀಟಿ ಬಂತು, ಬರೀ ಇಂಗ್ಲಿಷಿನಲ್ಲಿ. ಆ ಸೀಮೆಯ ಹತ್ತು ಜನರಲ್ಲಿ ಒಂಬತ್ತು ಮಂದಿಯ ಮಾತು ವೆಲ್ಷ್. ಮಂಡಳಿಯ ಸದಸ್ಯರೂ ವೆಲ್ಷ್ ಆಡುವವರೇ. ಹಾಗಿದ್ದ ಮೇಲೆ ಚೀಟಿಯನ್ನೂ ವೆಲ್ಷ್‌ನಲ್ಲೇ ಕೊಡಿ, ಕಂದಾಯ ಕಟ್ಟುತ್ತೇವೆ ಎಂದು ದಂಪತಿ ಕೇಳಿದರು. ಮಂಡಳಿ ಕೊಡಲಿಲ್ಲ, ಇವರು ಕಟ್ಟಲಿಲ್ಲ.

ಜಗಳ ಎಂಟು ವರ್ಷ ನಡೆಯಿತು. ಹನ್ನೆರಡಕ್ಕೂ ಹೆಚ್ಚು ಸಲ ಅವರನ್ನು ಕೋರ್ಟಿಗೆ ಎಳೆದರು. ಅಲ್ಲಿಯೂ ಐಲೀನ್ ವಿಚಾರಣೆ ವೆಲ್ಷ್‌ನಲ್ಲೇ ನಡೆಯಲಿ ಎಂದು ಪಟ್ಟು ಹಿಡಿದರು. ಜಪ್ತಿಗೆ ಬಂದ ಅಮೀನರು ಮತ್ತೆ ಮತ್ತೆ ಮನೆಯೊಳಗೆ ನುಗ್ಗಿ ಪಿಯಾನೋ, ಕುರ್ಚಿ, ಮೇಜು ಅಂತ ಸಾಮಾನು ಹೊತ್ತೊಯ್ದರು. ಮನೆಯಲ್ಲಿ ಸಣ್ಣ ಮಕ್ಕಳಿದ್ದರು, ಗಣಿ ಕೂಲಿಯ ಸಂಸಾರ. ಆದರೂ ಗಂಡ ಹೆಂಡತಿ ಜಗ್ಗಲಿಲ್ಲ. ಕೊನೆಗೆ 1960ರಲ್ಲಿ ಎರಡೂ ಭಾಷೆಯಲ್ಲಿ ಅಚ್ಚಾದ ಚೀಟಿ ಅವರ ಬಾಗಿಲಿಗೆ ಬಂತು. ಆಗ ಕಂದಾಯ ಕಟ್ಟಿದರು.

ಈ ಇಬ್ಬರ ಹಟವನ್ನು ಇಡೀ ವೇಲ್ಸ್ ಗಮನಿಸುವಂತೆ ಮಾಡಿದವರು ಸಾಂಡರ್ಸ್ ಲೂಯಿಸ್. ನಾಟಕಕಾರರು, ವಿಮರ್ಶಕರು, 1925ರಲ್ಲಿ ವೇಲ್ಸ್‌ನ ರಾಷ್ಟ್ರೀಯ ಪಕ್ಷ ಪ್ಲೈಡ್ ಕಮ್ರಿಯನ್ನು ಕಟ್ಟಿದವರಲ್ಲಿ ಒಬ್ಬರು. 1936ರಲ್ಲಿ ಬ್ರಿಟಿಷ್ ವಾಯುಪಡೆ ಪೆನಬರ್ತ್ ಎಂಬಲ್ಲಿ ಬಾಂಬ್ ತರಬೇತಿ ಶಾಲೆ ಕಟ್ಟಲು ಹೊರಟಾಗ ಇಬ್ಬರು ಗೆಳೆಯರ ಜೊತೆ ಅದಕ್ಕೆ ಬೆಂಕಿಯಿಟ್ಟು, ತಾವೇ ಪೊಲೀಸ್ ಠಾಣೆಗೆ ಹೋಗಿ ಒಪ್ಪಿಕೊಂಡವರು. ಅದಕ್ಕೆ ಒಂಬತ್ತು ತಿಂಗಳ ಸಜೆಯಾಯಿತು, ಕಾಲೇಜಿನ ಕೆಲಸವೂ ಹೋಯಿತು. ಅವರು 1962ರ ಫೆಬ್ರುವರಿ 13ರಂದು ಬಿಬಿಸಿ ರೇಡಿಯೋದಲ್ಲಿ ಭಾಷೆಯ ಗತಿಯನ್ನು ಕುರಿತು ಒಂದು ವಾರ್ಷಿಕ ಉಪನ್ಯಾಸ ಕೊಟ್ಟರು. ಹಿಂದಿನ ವರ್ಷದ ಜನಗಣತಿಯ ಅಂಕಿಗಳು ಇನ್ನೂ ಹೊರಬಂದಿರಲಿಲ್ಲ. ಈಗಿನ ದಾರಿಯಲ್ಲೇ ಹೋದರೆ ಇಪ್ಪತ್ತೊಂದನೆಯ ಶತಮಾನದ ಆರಂಭದ ಹೊತ್ತಿಗೆ ವೆಲ್ಷ್ ಆಡುಮಾತಾಗಿ ಉಳಿಯುವುದಿಲ್ಲ ಎಂದು ಅವರು ಹೇಳಿದರು. ಬೀಸ್ಲಿ ದಂಪತಿಯ ಕಥೆಯನ್ನು ವಿವರವಾಗಿ ಬಿಡಿಸಿಟ್ಟು, ಅವರಂತೆ ನೂರಾರು ಮಂದಿ ಸಂಘಟಿತರಾಗಿ, ವೆಲ್ಷ್ ಇಲ್ಲದೆ ಈ ನೆಲದಲ್ಲಿ ಸರ್ಕಾರದ ಕೆಲಸವೇ ಸಾಗದಂತೆ ಮಾಡಬೇಕು ಎಂದರು. ಕ್ರಾಂತಿ ಎಂಬ ಮಾತನ್ನು ಅವರು ಆಡಿದ್ದು ಕಂದಾಯದ ಚೀಟಿ, ಅರ್ಜಿ ನಮೂನೆ, ಲೈಸೆನ್ಸು, ಸಮನ್ಸುಗಳ ಸಂದರ್ಭದಲ್ಲಿ.

ಉಪನ್ಯಾಸವೊಂದರಿಂದ ಒಂದು ಚಳವಳಿ ಹುಟ್ಟಿದ ಉದಾಹರಣೆಗಳು ಜಗತ್ತಿನಲ್ಲಿ ತೀರ ಕಡಿಮೆ. ಇದು ಅವುಗಳಲ್ಲಿ ಒಂದು. ಅದೇ ವರ್ಷದ ಆಗಸ್ಟ್‌ನಲ್ಲಿ ಪೊಂಟಾರ್ದಿಲೈಸ್‌ನಲ್ಲಿ ನಡೆದ ಪ್ಲೈಡ್ ಕಮ್ರಿಯ ಬೇಸಿಗೆ ಶಿಬಿರದಲ್ಲಿ ‘ಕಮ್‌ದೈಥಸ್ ಅರ್ ಯೈಥ್ ಗಮ್ರೈಗ್’, ಅಂದರೆ ವೆಲ್ಷ್ ಭಾಷಾ ಸಂಘ, ಹುಟ್ಟಿಕೊಂಡಿತು. ಇತಿಹಾಸಕಾರ ಜಾನ್ ಡೇವಿಸ್ ಮತ್ತು ಅಧ್ಯಾಪಕ ಟೆಡಿ ಮಿಲ್‌ವರ್ಡ್ ಮೊದಲ ಕಾರ್ಯದರ್ಶಿಗಳು. ಮುಂದೆ ವೇಲ್ಸ್‌ನ ಸಮಗ್ರ ಇತಿಹಾಸವನ್ನು ವೆಲ್ಷ್‌ನಲ್ಲಿ ಬರೆದವರು ಇದೇ ಜಾನ್ ಡೇವಿಸ್. 1969ರಲ್ಲಿ ಇಂಗ್ಲೆಂಡಿನ ಯುವರಾಜ ಚಾರ್ಲ್ಸ್ ಅಬರಿಸ್ಟ್‌ವಿತ್‌ಗೆ ಬಂದು ಕೂತಾಗ ಅವರಿಗೆ ವೆಲ್ಷ್ ಕಲಿಸಿದವರು ಇದೇ ಮಿಲ್‌ವರ್ಡ್.

ಆ ಭಾಷೆ ಅಷ್ಟು ಸೊರಗಿದ್ದೇಕೆ? 1536ರ ಕಾಯಿದೆ ವೇಲ್ಸನ್ನು ಇಂಗ್ಲೆಂಡಿಗೆ ಸೇರಿಸುವಾಗಲೇ ಕೋರ್ಟಿನ ಭಾಷೆ ಇಂಗ್ಲಿಷ್ ಎಂದು ವಿಧಿಸಿತ್ತು. ಇಂಗ್ಲಿಷ್ ಬಳಸದವರಿಗೆ ಸರ್ಕಾರಿ ಹುದ್ದೆ ಇಲ್ಲ ಎಂದಿತ್ತು. 1588ರಲ್ಲಿ, ಮುಂದೆ ಬಿಷಪ್ ಆದ ವಿಲಿಯಂ ಮಾರ್ಗನ್ ಬೈಬಲ್ಲನ್ನು ವೆಲ್ಷ್‌ಗೆ ತಂದಿದ್ದರಿಂದ ಭಾಷೆ ಚರ್ಚಿನಲ್ಲಿ, ಚಾಪೆಲ್ಲಿನಲ್ಲಿ ಗಟ್ಟಿಯಾಗಿ ನಿಂತಿತು. ಕಚೇರಿಯಲ್ಲಿ, ಕೋರ್ಟಿನಲ್ಲಿ, ಆಮೇಲೆ ಶಾಲೆಯಲ್ಲಿ ಅದಕ್ಕೆ ಜಾಗ ಸಿಗಲಿಲ್ಲ. ಹತ್ತೊಂಬತ್ತನೆಯ ಶತಮಾನದ ಹಲವು ಶಾಲೆಗಳಲ್ಲಿ ವೆಲ್ಷ್ ಮಾತಾಡಿದ ಮಗುವಿನ ಕೊರಳಿಗೆ ಒಂದು ಮರದ ತುಂಡು ನೇತುಹಾಕುತ್ತಿದ್ದರು. ಇನ್ನೊಂದು ಮಗು ವೆಲ್ಷ್ ಆಡಿ ಸಿಕ್ಕಿಬಿದ್ದರೆ ಅದು ಆ ಕೊರಳಿಗೆ ದಾಟುತ್ತಿತ್ತು. ದಿನದ ಕೊನೆಗೆ ಯಾರ ಕೊರಳಲ್ಲಿದೆಯೋ ಆ ಮಗುವಿಗೆ ಛಡಿ ಏಟು. 1901ರಲ್ಲಿ ವೇಲ್ಸ್‌ನ ಅರ್ಧದಷ್ಟು ಜನ ವೆಲ್ಷ್ ಬಲ್ಲವರಾಗಿದ್ದರು. 1961ರ ಹೊತ್ತಿಗೆ ಅವರು ಶೇ. 26ಕ್ಕೆ ಇಳಿದಿದ್ದರು.

ಇಲ್ಲಿ ಭಾರತಕ್ಕೆ ಸೇರಿದ ಒಂದು ಸಂಗತಿಯನ್ನೂ ನೆನೆಯಬೇಕು. 1841ರಲ್ಲಿ ಥಾಮಸ್ ಜೋನ್ಸ್ ಎಂಬ ವೆಲ್ಷ್ ಮಿಷನರಿ ಈಗಿನ ಮೇಘಾಲಯದ ಚಿರಾಪುಂಜಿಗೆ ಬಂದು ಖಾಸಿ ಭಾಷೆಯನ್ನು ರೋಮನ್ ಲಿಪಿಯಲ್ಲಿ ಬರೆಯುವ ಕ್ರಮವನ್ನು ರೂಢಿಗೆ ತಂದರು. ವೆಲ್ಷ್ ಕಾಗುಣಿತದ ಛಾಯೆ ಇಂದಿಗೂ ಖಾಸಿ ಬರಹದಲ್ಲಿದೆ, ಖಾಸಿ ನಾಡಗೀತೆಯ ಧಾಟಿ ವೇಲ್ಸ್‌ನ ನಾಡಗೀತೆಯದೇ. ದೂರದ ಬೆಟ್ಟದ ಜನರ ನುಡಿಗೆ ಬರಹ ಕಟ್ಟಿಕೊಟ್ಟ ಜನಾಂಗದ ಮಕ್ಕಳು ಆ ಶತಮಾನದಲ್ಲೇ ತಮ್ಮ ನುಡಿಯನ್ನಾಡಿ ಏಟು ತಿನ್ನುತ್ತಿದ್ದರು ಎಂಬುದನ್ನು ಓದುವಾಗ ಸಂಕಟವಾಗುತ್ತದೆ.

ಸಂಘ ಹುಟ್ಟಿದ ಕಾಲದಲ್ಲಿ ವೇಲ್ಸ್ ಇನ್ನೊಂದು ನೋವಿನಲ್ಲಿತ್ತು. ಲಿವರ್‌ಪೂಲ್ ನಗರಕ್ಕೆ ನೀರು ಒದಗಿಸಲು ಟ್ರವೆರಿನ್ ಕಣಿವೆಗೆ ಅಣೆಕಟ್ಟು ಕಟ್ಟುವ ಮಸೂದೆ 1957ರಲ್ಲಿ ಲಂಡನ್ ಸಂಸತ್ತಿನಲ್ಲಿ ಪಾಸಾಗಿತ್ತು. ವೇಲ್ಸ್‌ನ ಒಬ್ಬ ಸಂಸದರೂ ಅದರ ಪರವಾಗಿ ಮತ ಹಾಕಿರಲಿಲ್ಲ. 1965ರಲ್ಲಿ ಕಪೆಲ್ ಕೆಲಿನ್ ಎಂಬ ಇಡೀ ಹಳ್ಳಿ, ಅದರ ಶಾಲೆ, ಚಾಪೆಲ್, ಹೊಲಮನೆಗಳೊಂದಿಗೆ ನೀರಿನಡಿ ಸೇರಿತು. ಅಲ್ಲಿದ್ದವರೆಲ್ಲ ವೆಲ್ಷ್ ಮಾತಾಡುವವರು. ನಮ್ಮ ಮಾತಿಗೆ ಕವಡೆಯ ಬೆಲೆಯೂ ಇಲ್ಲ ಎಂಬುದು ಒಂದು ತಲೆಮಾರಿನ ಹುಡುಗ ಹುಡುಗಿಯರಿಗೆ ಕಣ್ಣೆದುರೇ ಮನವರಿಕೆಯಾಯಿತು.

ಸಂಘದ ಮೊದಲ ಬಹಿರಂಗ ಪ್ರತಿಭಟನೆ ನಡೆದದ್ದು 1963ರ ಫೆಬ್ರುವರಿ 2ರಂದು, ಅಬರಿಸ್ಟ್‌ವಿತ್‌ನಲ್ಲಿ. ಮೈ ಕೊರೆಯುವ ಚಳಿ, ರಸ್ತೆ ಬದಿಯಲ್ಲಿ ಹಿಮ. ಅಬರಿಸ್ಟ್‌ವಿತ್ ಮತ್ತು ಬ್ಯಾಂಗರ್ ಕಾಲೇಜುಗಳ ವಿದ್ಯಾರ್ಥಿಗಳು ಅಂಚೆ ಕಚೇರಿಯ ಗೋಡೆಗಳಿಗೆ ಭಿತ್ತಿಪತ್ರ ಅಂಟಿಸಿದರು. ಪೊಲೀಸರು ಹಿಡಿಯಲಿ, ಸಮನ್ಸು ಕೊಡಲಿ, ಅದನ್ನು ವೆಲ್ಷ್‌ನಲ್ಲಿ ಕೊಡಿ ಎಂದು ಕೇಳೋಣ, ಇಷ್ಟೇ ಅವರ ಯೋಜನೆ. ಆದರೆ ಪೊಲೀಸರು ಯಾರನ್ನೂ ಹಿಡಿಯಲಿಲ್ಲ. ಆಗ ಅವರಲ್ಲಿ ಒಂದು ಗುಂಪು ಊರ ಅಂಚಿನ ಟ್ರೆವೆಖಾನ್ ಸೇತುವೆಗೆ ನಡೆದು, ನಡುರಸ್ತೆಯಲ್ಲಿ ಕುಳಿತು ಸುಮಾರು ಅರ್ಧ ಗಂಟೆ ವಾಹನಗಳನ್ನು ತಡೆಯಿತು. ಕೋಟು ಹೊದ್ದ ಹುಡುಗ ಹುಡುಗಿಯರು ಡಾಂಬರಿನ ಮೇಲೆ ಕೂತಿರುವ ಆ ಫೋಟೋ ಇಂದು ವೇಲ್ಸ್‌ನ ಶಾಲೆಗಳಲ್ಲಿ ಪರಿಚಿತ. ಅಂದು ಸೇತುವೆಯ ಮೇಲೆ ಸಿಕ್ಕಿಕೊಂಡ ಸ್ಥಳೀಯರು ಸಿಟ್ಟಾದರು. ಪ್ರತಿಭಟನೆಗೆ ಬಂದವರಲ್ಲೇ ಕೆಲವರಿಗೆ ಇದು ಅತಿಯಾಯಿತು ಅನ್ನಿಸಿತ್ತು.

ಸರ್ಕಾರ ಸಮಿತಿ ನೇಮಿಸಿತು. ಡೇವಿಡ್ ಹ್ಯೂಸ್ ಪ್ಯಾರಿ ನೇತೃತ್ವದ ಆ ಸಮಿತಿ 1965ರಲ್ಲಿ ವರದಿ ಕೊಟ್ಟು, ವೆಲ್ಷ್‌ನಲ್ಲಿ ಮಾಡಿದ್ದಕ್ಕೂ ಇಂಗ್ಲಿಷಿನಲ್ಲಿ ಮಾಡಿದ್ದಕ್ಕೂ ಕಾನೂನಿನಲ್ಲಿ ಸಮಾನ ಮಾನ್ಯತೆ ಇರಬೇಕು ಎಂದಿತು. 1967ರ ವೆಲ್ಷ್ ಭಾಷಾ ಕಾಯಿದೆ ಆ ವರದಿಯ ಸ್ವಲ್ಪ ಭಾಗವನ್ನಷ್ಟೇ ಒಪ್ಪಿಕೊಂಡಿತು. ಕೋರ್ಟಿನಲ್ಲಿ ವೆಲ್ಷ್ ಮಾತಾಡಲು ದಾರಿಯಾಯಿತು, ಮಿಕ್ಕದ್ದು ಮಂತ್ರಿಗಳ ಮರ್ಜಿಗೆ ಬಿಟ್ಟದ್ದು. ಸಂಘಕ್ಕೆ ಸಮಾಧಾನವಾಗಲಿಲ್ಲ, ಆಗುವಂತೆಯೂ ಇರಲಿಲ್ಲ.

ಆಮೇಲೆ ಬಂದದ್ದು ಊರ ಹೆಸರಿನ ಫಲಕಗಳ ಹೋರಾಟ. ವೇಲ್ಸ್‌ನ ಊರುಗಳಿಗೆ ಸಾವಿರ ವರ್ಷದ ಹೆಸರುಗಳಿವೆ. ರಸ್ತೆ ಬದಿಯ ಫಲಕಗಳಲ್ಲಿ ಮಾತ್ರ ಇಂಗ್ಲಿಷರು ತಿದ್ದಿದ ರೂಪ. 1960ರ ದಶಕದ ಕೊನೆಯಿಂದ ಸಂಘದ ಸದಸ್ಯರು ರಾತ್ರಿ ಹಸಿರು ಬಣ್ಣದ ಡಬ್ಬಿ ಹಿಡಿದು ಹೊರಟು ಇಂಗ್ಲಿಷ್ ಫಲಕಗಳಿಗೆ ಬಣ್ಣ ಬಳಿದರು. ಸರ್ಕಾರ ಅದಕ್ಕೂ ಜಗ್ಗದಾಗ ಫಲಕಗಳನ್ನೇ ಕಿತ್ತು ತಂದು ಪೊಲೀಸ್ ಠಾಣೆಗಳ ಮುಂದೆ ರಾಶಿ ಹಾಕಿದರು. ಆಗ ಸಂಘದ ಅಧ್ಯಕ್ಷರಾಗಿದ್ದವರು ಹಾಡುಗಾರ ದಾವಿದ್ ಇವಾನ್. ಜುಲ್ಮಾನೆ ಕಟ್ಟಲು ಒಪ್ಪದ ಅವರು 1970ರ ಆರಂಭದಲ್ಲಿ ಜೈಲಿಗೆ ಹೋದರು.

ಆಗ ನಡೆದ ಒಂದು ಘಟನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. 1970ರ ಫೆಬ್ರುವರಿ 4. ಲಂಡನ್ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ಲಾಟನ್ ಒಂದು ಮಾನನಷ್ಟ ಮೊಕದ್ದಮೆ ನಡೆಸುತ್ತಿದ್ದರು. ವೇಲ್ಸ್‌ಗೂ ಆ ಮೊಕದ್ದಮೆಗೂ ಸಂಬಂಧವಿಲ್ಲ. ಅಬರಿಸ್ಟ್‌ವಿತ್‌ನಿಂದ ಬಂದ ವಿದ್ಯಾರ್ಥಿಗಳ ತಂಡವೊಂದು ಒಳಗೆ ನುಗ್ಗಿತು. ಘೋಷಣೆ ಕೂಗಿ, ಕರಪತ್ರ ಚೆಲ್ಲಿ, ಹಾಡು ಹಾಡಿ, ಕಲಾಪ ನಿಲ್ಲಿಸಿತು. ದಾವಿದ್ ಇವಾನ್ ಅವರ ಸೆರೆವಾಸಕ್ಕೆ ಅದು ಪ್ರತಿಭಟನೆ. ನ್ಯಾಯಮೂರ್ತಿ ಅಂದೇ ವಿಚಾರಣೆ ಮುಗಿಸಿದರು. ಕ್ಷಮೆ ಕೇಳಿದವರಿಗೆ ಜುಲ್ಮಾನೆ. ತತ್ತ್ವದ ಪ್ರಶ್ನೆ, ಕ್ಷಮೆ ಕೇಳುವುದಿಲ್ಲ ಎಂದ 11 ಮಂದಿಗೆ ಮೂರು ತಿಂಗಳ ಜೈಲು. ಮೇಲ್ಮನವಿ ಲಾರ್ಡ್ ಡೆನ್ನಿಂಗ್ ಅವರ ಪೀಠಕ್ಕೆ ಹೋಯಿತು. ನ್ಯಾಯಾಲಯದ ಕಲಾಪ ಕೆಡಿಸಿದ್ದು ದೊಡ್ಡ ತಪ್ಪು, ಶಿಕ್ಷೆ ಕೊಟ್ಟದ್ದು ಸರಿ ಎಂದೇ ಅವರು ಬರೆದರು. ಆದರೆ ಈ ಹುಡುಗರು ಯಾರ ಮೇಲೂ ಕೈ ಮಾಡಿದವರಲ್ಲ, ಸುಳ್ಳು ಮೋಸದವರಲ್ಲ, ತಮ್ಮ ನುಡಿಯನ್ನು ಉಳಿಸಿಕೊಳ್ಳಬೇಕೆಂದು ಬಂದವರು. ಕವಿಗಳ, ಹಾಡುಗಾರರ ಆ ನುಡಿಯ ಮೇಲೆ ಅವರಿಗೆ ಹೆಮ್ಮೆ ಇರುವುದು ಸಹಜ ಎಂಬ ಭಾವದಲ್ಲಿ ಮಾತಾಡಿ, ಒಂದು ವರ್ಷ ಸನ್ನಡತೆಯಿಂದ ಇರಬೇಕೆಂಬ ಮುಚ್ಚಳಿಕೆಯ ಮೇಲೆ ಬಿಡುಗಡೆ ಮಾಡಿದರು. ಅತ್ತ ವೇಲ್ಸ್‌ನಲ್ಲಿ ಕೆಲವು ಮ್ಯಾಜಿಸ್ಟ್ರೇಟರೇ ಕೈಯಿಂದ ಹಣ ಕೂಡಿಸಿ ದಾವಿದ್ ಇವಾನ್ ಅವರ ಜುಲ್ಮಾನೆ ಕಟ್ಟಿ ಅವರನ್ನು ಬಿಡಿಸಿದರು. ಶಿಕ್ಷೆ ಕೊಡುವ ಪೀಠದಲ್ಲಿ ಕೂರುವವರ ಮನಸ್ಸೇ ತಿರುಗಿತ್ತು.

ಸಂಘದ ಶಕ್ತಿ ಎಲ್ಲಿತ್ತು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ. ಬಣ್ಣ ಬಳಿದವನು ಓಡಿಹೋಗುವಂತಿಲ್ಲ. ತಾನೇ ಮಾಡಿದೆ ಎಂದು ಒಪ್ಪಿಕೊಂಡು ಕೋರ್ಟಿನಲ್ಲಿ ನಿಲ್ಲಬೇಕು. ಮನುಷ್ಯರ ಮೇಲೆ ಕೈ ಎತ್ತುವಂತಿಲ್ಲ. ಗಾಂಧೀಜಿ ಮತ್ತು ಮಾರ್ಟಿನ್ ಲೂಥರ್ ಕಿಂಗ್ ಅವರ ದಾರಿಯಿಂದ ಕಲಿತ ಶಿಸ್ತು ಇದು. ಇದುವರೆಗೆ ಸಾವಿರಕ್ಕೂ ಹೆಚ್ಚು ಜನ ಸಂಘದ ಹೋರಾಟಗಳಲ್ಲಿ ಕೋರ್ಟಿನ ಕಟಕಟೆ ಹತ್ತಿದ್ದಾರೆ, ಹಲವರು ಜೈಲು ಕಂಡಿದ್ದಾರೆ. ಮಕ್ಕಳ ಮೆಚ್ಚಿನ ಲೇಖಕಿ ಆಂಗಾರಾದ್ ಟೊಮೋಸ್ ಒಂದಲ್ಲ, ಹಲವು ಸಲ ಒಳಗೆ ಹೋಗಿ ಬಂದವರು. ಆ ಕಾಲದಲ್ಲಿ ವೇಲ್ಸ್‌ನಲ್ಲಿ ಬೇಸಿಗೆ ಮನೆಗಳಿಗೆ ಬೆಂಕಿ ಹಚ್ಚುತ್ತಿದ್ದ ರಹಸ್ಯ ಗುಂಪೂ ಇತ್ತು. ಸಂಘ ಬಹಿರಂಗವಾಗಿಯೇ ಹೋರಾಡಿತು, ಆದ್ದರಿಂದಲೇ ಸಾಮಾನ್ಯ ಜನ ಅದರ ಬೆನ್ನಿಗೆ ನಿಲ್ಲಲು ಸಾಧ್ಯವಾಯಿತು.

ಫಲಕಗಳ ವಿಷಯದಲ್ಲಿ 1972ರಲ್ಲಿ ರೋಡ್ರಿಕ್ ಬೋವೆನ್ ಸಮಿತಿ ಎರಡೂ ಭಾಷೆ ಇರಲಿ, ವೆಲ್ಷ್ ಮೇಲಿರಲಿ ಎಂದಿತು. ಸರ್ಕಾರ ದ್ವಿಭಾಷಾ ಫಲಕಕ್ಕೆ ಒಪ್ಪಿತು, ಮೇಲೆ ಕೆಳಗಿನ ತಕರಾರು ಬಹುಕಾಲ ಉಳಿಯಿತು. ಈಗ ಹೊಸ ಫಲಕಗಳಲ್ಲಿ ವೆಲ್ಷ್ ಮೇಲಿನ ಸಾಲಿನಲ್ಲಿದೆ.

ಟೆಲಿವಿಷನ್ನಿನ ಕಥೆ ಹೆಚ್ಚು ರೋಚಕ. ಮಕ್ಕಳು ಶಾಲೆಯಿಂದ ಬಂದು ಕೂರುವುದು ಟಿ.ವಿ. ಮುಂದೆ, ಅದು ಪೂರ ಇಂಗ್ಲಿಷ್. ವೆಲ್ಷ್ ಕಾರ್ಯಕ್ರಮಗಳು ಅಲ್ಲೊಂದು ಇಲ್ಲೊಂದು. ಪ್ರತ್ಯೇಕ ವಾಹಿನಿ ಬೇಕೆಂದು 1970ರ ದಶಕದುದ್ದಕ್ಕೂ ಸಂಘದವರು ಪ್ರಸಾರ ಗೋಪುರ ಏರಿದರು, ಟಿ.ವಿ. ಲೈಸೆನ್ಸ್ ಶುಲ್ಕ ಕಟ್ಟದೆ ಜೈಲಿಗೆ ಹೋದರು. 1979ರ ಚುನಾವಣೆಯಲ್ಲಿ ಕನ್ಸರ್ವೇಟಿವ್ ಪಕ್ಷವೇ ವಾಹಿನಿಯ ಭರವಸೆ ಕೊಟ್ಟು, ಗೆದ್ದ ಕೆಲವೇ ತಿಂಗಳಲ್ಲಿ ಮಾತಿಗೆ ತಪ್ಪಿತು. ಆ ಅಕ್ಟೋಬರ್‌ನಲ್ಲಿ ಪೆನ್‌ಕಾರೆಗ್ ಪ್ರಸಾರ ಕೇಂದ್ರಕ್ಕೆ ನುಗ್ಗಿ ಅದನ್ನು ನಿಲ್ಲಿಸಿದವರು ಮೀಸೆ ಚಿಗುರುವ ಹುಡುಗರಲ್ಲ: ಧರ್ಮಶಾಸ್ತ್ರದ ವಿದ್ವಾಂಸ ಪೆನ್ನಾರ್ ಡೇವಿಸ್, ಜಾನಪದ ಹಾಡುಗಳ ಸಂಗ್ರಹಕಾರ ಮೆರೆದಿದ್ ಇವಾನ್ಸ್, ಲೇಖಕ ನೆಡ್ ಥಾಮಸ್. ನಾಡಿನ ಗೌರವಾನ್ವಿತ ಹಿರಿಯರೇ ತಮ್ಮ ಹೆಸರು ಹೇಳಿ ಕಾನೂನು ಮುರಿದಾಗ ಚಾಪೆಲ್ಲಿನ ಬೆಂಚುಗಳಲ್ಲಿ ಕೂತವರೂ ಯೋಚನೆಗೆ ಬಿದ್ದರು. ಮರುವರ್ಷ ಮೇ ತಿಂಗಳಲ್ಲಿ ಪ್ಲೈಡ್ ಕಮ್ರಿಯ ನಾಯಕ, ಪಕ್ಷದ ಮೊದಲ ಸಂಸದರಾಗಿದ್ದ ಗ್ವಿನ್‌ವರ್ ಇವಾನ್ಸ್, ಅಕ್ಟೋಬರ್ 6ರಿಂದ ಆಮರಣ ಉಪವಾಸ ಕೂರುವುದಾಗಿ ಸಾರಿದರು. ಅವರಿಗಾಗ 67 ವರ್ಷ, ಜೀವನವಿಡೀ ಶಾಂತಿವಾದಿ. ವೇಲ್ಸ್‌ನ ಮೂವರು ಹಿರಿಯರು ಲಂಡನ್ನಿಗೆ ಹೋಗಿ ಗೃಹಮಂತ್ರಿ ವಿಲಿಯಂ ವೈಟ್‌ಲಾ ಅವರನ್ನು ಕಂಡರು. ಸೆಪ್ಟೆಂಬರ್ 17ರಂದು ಮಾರ್ಗರೆಟ್ ಥ್ಯಾಚರ್ ಅವರ ಸರ್ಕಾರ ಮಣಿಯಿತು. ಹಿಡಿದದ್ದನ್ನು ಬಿಡುವವರಲ್ಲ ಎಂದು ಹೆಸರಾಗಿದ್ದ ಪ್ರಧಾನಿ ತಮ್ಮ ಮೊದಲ ವರ್ಷಗಳಲ್ಲೇ ಹಿಂದೆ ಸರಿದ ಪ್ರಸಂಗ ಇದು.

1982ರ ನವೆಂಬರ್ 1ರಂದು ಎಸ್‌ಫೋರ್‌ಸಿ ವಾಹಿನಿ ಶುರುವಾಯಿತು. ಮಕ್ಕಳ ಕಾರ್ಟೂನ್ ‘ಸೂಪರ್‌ಟೆಡ್’ ಅಲ್ಲಿಂದ ಹೊರಟು ಇಂಗ್ಲಿಷಿಗೆ, ಹಲವು ದೇಶಗಳಿಗೆ ಹೋಯಿತು. ಹಳ್ಳಿಯ ಅಗ್ನಿಶಾಮಕ ಸಿಬ್ಬಂದಿ ಸ್ಯಾಮ್‌ನ ಕಥೆ ವೆಲ್ಷ್‌ನಲ್ಲಿ ‘ಸಾಮ್ ತಾನ್’ ಎಂದು ಬಂತು. ‘ಫೈರ್‌ಮನ್ ಸ್ಯಾಮ್’ ಹೆಸರಿನಲ್ಲಿ ಅದನ್ನು ನೋಡಿದ ಮಕ್ಕಳು ಜಗತ್ತಿನಾದ್ಯಂತ ಇದ್ದಾರೆ. ನಟರು, ಬರಹಗಾರರು, ಕ್ಯಾಮೆರಾದವರು, ಸಂಕಲನಕಾರರು ವೆಲ್ಷ್‌ನಲ್ಲಿ ದುಡಿದು ಬದುಕಬಹುದು ಎಂಬಂಥ ಒಂದು ಉದ್ಯಮವೇ ಹುಟ್ಟಿತು. ಭಾಷೆಗೆ ಅನ್ನ ಕೊಡುವ ಶಕ್ತಿ ಬಂದದ್ದು ಹೀಗೆ.

ಮುಂದಿನದನ್ನು ಬೇಗ ಹೇಳಬಹುದು. 1993ರ ಕಾಯಿದೆ ಸರ್ಕಾರಿ ಸಂಸ್ಥೆಗಳಿಗೆ ವೆಲ್ಷ್ ಬಳಕೆಯ ಯೋಜನೆಗಳನ್ನು ಕಡ್ಡಾಯ ಮಾಡಿತು. ವೇಲ್ಸ್‌ಗೆ ತನ್ನದೇ ಶಾಸನಸಭೆ ಬಂದ ಮೇಲೆ 2011ರ ಕಾಯಿದೆ ವೆಲ್ಷ್‌ಗೆ ಅಧಿಕೃತ ಸ್ಥಾನ ಕೊಟ್ಟು, ಭಾಷಾ ಆಯುಕ್ತರ ಹುದ್ದೆ ತೆರೆಯಿತು. 2012ರಲ್ಲಿ ಮೊದಲ ಆಯುಕ್ತರಾದವರು ಮೆರಿ ಹ್ಯೂಸ್, 1980ರ ದಶಕದ ಆರಂಭದಲ್ಲಿ ಇದೇ ಸಂಘದ ಅಧ್ಯಕ್ಷೆಯಾಗಿದ್ದವರು. ದಾವಿದ್ ಇವಾನ್ ಅವರ 1983ರ ಹಾಡೊಂದನ್ನು 2022ರಲ್ಲಿ ವೇಲ್ಸ್ ಫುಟ್‌ಬಾಲ್ ತಂಡ ವಿಶ್ವಕಪ್ಪಿಗೆ ತನ್ನ ಹಾಡಾಗಿ ಆರಿಸಿಕೊಂಡಿತು. ಜೈಲಿಗೆ ಹೋಗಿದ್ದ ಹಾಡುಗಾರನ ಜೊತೆ ಕಾರ್ಡಿಫ್ ಕ್ರೀಡಾಂಗಣದಲ್ಲಿ ಸಾವಿರಾರು ಜನ ದನಿಗೂಡಿಸಿದರು; ಅವರಲ್ಲಿ ಮನೆಯಲ್ಲಿ ವೆಲ್ಷ್ ಆಡದವರೂ ಬಹಳ ಮಂದಿ.

ಇಷ್ಟೆಲ್ಲ ಗೆದ್ದ ಮೇಲೂ ಜನಗಣತಿಯ ಅಂಕಿಗಳನ್ನು ಎದುರಿಸಲೇಬೇಕು. 2001ರಲ್ಲಿ ಶೇ. 20.8ಕ್ಕೆ ಏರಿ ಆಸೆ ಹುಟ್ಟಿಸಿದ್ದ ವೆಲ್ಷ್ ಬಲ್ಲವರ ಪ್ರಮಾಣ 2011ರಲ್ಲಿ ಶೇ. 19ಕ್ಕೆ, 2021ರಲ್ಲಿ ಶೇ. 17.8ಕ್ಕೆ ಇಳಿಯಿತು. ಆ ವರ್ಷ ಅವರು ಸುಮಾರು 5.38 ಲಕ್ಷ. ಸಾಂಡರ್ಸ್ ಲೂಯಿಸ್ ಹೇಳಿದಂತೆ ಭಾಷೆ ಸಾಯಲಿಲ್ಲ. ಅವರ ಮಾತು ಸುಳ್ಳಾಗುವಂತೆ ಮಾಡಿದ್ದು ಅವರ ಮಾತು ಕೇಳಿ ಎದ್ದವರೇ. ಆದರೆ ಬೀಸ್ಲಿ ದಂಪತಿಯ ಕಾರ್ಮಾರ್ದನ್ ಜಿಲ್ಲೆಯಲ್ಲಿ 2001ರಲ್ಲಿ ಅರ್ಧದಷ್ಟಿದ್ದ ವೆಲ್ಷ್ ಭಾಷಿಕರು 2021ರಲ್ಲಿ ಶೇ. 40ರ ಸುತ್ತ ಇದ್ದಾರೆ. ರಾಜಧಾನಿ ಕಾರ್ಡಿಫ್‌ನಲ್ಲಿ ಪ್ರಮಾಣ ಕೊಂಚ ಏರಿದೆ, ಹಳೆಯ ವೆಲ್ಷ್ ಸೀಮೆಗಳಲ್ಲಿ ಕರಗುತ್ತಿದೆ.

ಕಾರಣ ತಿಳಿಯಲು ವಾಯವ್ಯ ಕರಾವಳಿಯ ಅಬರ್‌ಸೋಖ್‌ಗೆ ಹೋಗಬೇಕು. ಸುಂದರ ಕಡಲತೀರ, ದೋಣಿಗಳು, ಬೇಸಿಗೆಯಲ್ಲಿ ತುಂಬಿ ತುಳುಕುವ ಬೀದಿ. ಮನೆಗಳಲ್ಲಿ ದೊಡ್ಡ ಪಾಲು ಹೊರಗಿನ ಹಣವಂತರ ರಜಾಮನೆಗಳು, ಚಳಿಗಾಲದಲ್ಲಿ ಬೀಗ. ಅಲ್ಲೇ ಹುಟ್ಟಿದ ಮೀನುಗಾರನ ಮಗನಿಗೆ, ಅಂಗಡಿಯಲ್ಲಿ ಕೆಲಸ ಮಾಡುವ ಹುಡುಗಿಗೆ ಅಲ್ಲಿ ಮನೆ ಕೊಳ್ಳುವುದು ಎಟುಕದ ಮಾತು. ಅವರು ಊರು ಬಿಡುತ್ತಾರೆ, ಅವರ ಮಕ್ಕಳು ಬೇರೆಲ್ಲೋ ಬೆಳೆಯುತ್ತಾರೆ. 2021ರ ಕೊನೆಗೆ ಅಲ್ಲಿನ ವೆಲ್ಷ್ ಮಾಧ್ಯಮದ ಪ್ರಾಥಮಿಕ ಶಾಲೆ ಮುಚ್ಚಿತು. ಉಳಿದಿದ್ದ ಮಕ್ಕಳು ಬೆರಳೆಣಿಕೆಯಷ್ಟು. ಮುಚ್ಚಬೇಡಿ ಎಂದು ಸಂಘ ಕೊನೆಯವರೆಗೂ ಹೋರಾಡಿತ್ತು.

ಆದ್ದರಿಂದಲೇ ಸಂಘದ ಇಂದಿನ ದೊಡ್ಡ ಹೋರಾಟ ಮನೆಗಳದ್ದು. ವೇಲ್ಸ್ ಮಾರಾಟಕ್ಕಿಲ್ಲ ಎಂಬ ಘೋಷಣೆಯಡಿ ಅದು ಊರೂರಲ್ಲಿ ಸಭೆ, ಮೆರವಣಿಗೆ ನಡೆಸುತ್ತಿದೆ. 2023ರ ಏಪ್ರಿಲ್‌ನಿಂದ ಎರಡನೆಯ ಮನೆಗಳ ಮೇಲೆ ಶೇ. 300ರವರೆಗೆ ಹೆಚ್ಚುವರಿ ತೆರಿಗೆ ಹಾಕುವ ಅಧಿಕಾರ ಸ್ಥಳೀಯ ಮಂಡಳಿಗಳಿಗೆ ಸಿಕ್ಕಿತು. ಅಬರ್‌ಸೋಖ್ ಇರುವ ಗ್ವಿನೆದ್ ಜಿಲ್ಲೆಯ ಮಂಡಳಿ ಶೇ. 150 ಹಾಕಿತು. 2024ರ ಸೆಪ್ಟೆಂಬರ್‌ನಿಂದ ಗ್ವಿನೆದ್‌ನಲ್ಲಿ ವಾಸದ ಮನೆಯನ್ನು ರಜಾಮನೆ ಮಾಡಬೇಕಾದರೆ ಯೋಜನಾ ಅನುಮತಿ ಬೇಕು ಎಂಬ ನಿಯಮ ಜಾರಿಗೆ ಬಂತು. ಸಂಘ ಇಷ್ಟಕ್ಕೆ ನಿಲ್ಲುವುದಿಲ್ಲ. ಮನೆ ಎಂಬುದು ಮೊದಲು ವಾಸಕ್ಕೆ, ಊರವರಿಗೆ ಮೊದಲ ಹಕ್ಕು, ಬೆಲೆ ಮತ್ತು ಬಾಡಿಗೆ ಅಲ್ಲಿನ ದುಡಿಮೆಗೆ ನಿಲುಕುವಂತಿರಬೇಕು ಎಂದು ಕಟ್ಟುವ ಒಂದು ಸಮಗ್ರ ಆಸ್ತಿ ಕಾಯಿದೆಯನ್ನು ಅದು ಕೇಳುತ್ತಿದೆ. ಭಾಷಾ ಸಂಘಕ್ಕೆ ಮನೆ ಬೆಲೆಯ ಉಸಾಬರಿ ಏಕೆ ಎಂದು ಕೇಳುವವರಿದ್ದಾರೆ. ಅಬರ್‌ಸೋಖ್ ಶಾಲೆಯ ಮುಚ್ಚಿದ ಬಾಗಿಲು ಅವರಿಗೆ ಸಾಕಷ್ಟು ಉತ್ತರ.

ವೇಲ್ಸ್ ಸರ್ಕಾರ 2050ರ ಹೊತ್ತಿಗೆ ಹತ್ತು ಲಕ್ಷ ವೆಲ್ಷ್ ಭಾಷಿಕರು ಎಂಬ ಗುರಿಯನ್ನು 2017ರಲ್ಲಿ ಹಾಕಿಕೊಂಡಿತು. ಅದಕ್ಕಾಗಿ ಶಾಲೆಗಳಲ್ಲಿ ವೆಲ್ಷ್ ಕಲಿಕೆಯನ್ನು ಬಲಪಡಿಸುವ ಶಿಕ್ಷಣ ಕಾಯಿದೆ 2025ರಲ್ಲಿ ಬಂದಿದೆ. ಎಲ್ಲ ಮಕ್ಕಳಿಗೂ ವೆಲ್ಷ್ ಮಾಧ್ಯಮದ ಶಿಕ್ಷಣ ಸಿಗಬೇಕೆಂದು ದಶಕಗಳಿಂದ ಕೇಳುತ್ತಿರುವ ಸಂಘಕ್ಕೆ ಆ ಕಾಯಿದೆ ಅರ್ಧ ಹೆಜ್ಜೆಯಾಗಿ ಕಂಡಿದೆ. ಅದು ಅರ್ಧ ಹೆಜ್ಜೆಯೇ. ಶಾಲೆಯಲ್ಲಿ ಕಲಿತ ಮಗು ದೊಡ್ಡದಾದ ಮೇಲೆ ತನ್ನ ಊರಿನಲ್ಲೇ ಮನೆ ಮಾಡಿ, ಕೆಲಸ ಹಿಡಿದು, ಆ ಮಾತಿನಲ್ಲಿ ಸಂಸಾರ ನಡೆಸುವಂತಾಗದೆ ಹತ್ತು ಲಕ್ಷದ ಗುರಿ ಕಾಗದದ ಮೇಲೆಯೇ ಉಳಿಯುತ್ತದೆ. ಸಂಘ ಕೇಳುತ್ತಿರುವ ಆಸ್ತಿ ಕಾಯಿದೆಯನ್ನು ಕಾರ್ಡಿಫ್‌ನ ಶಾಸನಸಭೆ ಇನ್ನು ತಡ ಮಾಡದೆ ಕೈಗೆತ್ತಿಕೊಳ್ಳಬೇಕು.